ವಿಜಯ್ ಕುಮಾರ್ ಪರವಾಗಿ

ನಗರ ಮಾರ್ಗಸೂಚಿ ಫಲಕ ಮಂಡಳಿಯ ಯಲಹಂಕ ವಲಯ ಕಚೇರಿಯಲ್ಲಿ ಕಳೆದ ಎರಡು ವರ್ಷಗಳಿಂದ ಒಂದೇ ಒಂದು ಕೆಲಸವೂ ಬಾಕಿ ಉಳಿದಿಲ್ಲ. ಇದು ಹೆಮ್ಮೆಯ ಮಾತಲ್ಲ, ದಾಖಲೆಯ ಮಾತು. ಮಂಡಳಿಯು ‘ಕಾರ್ಯಧಾರೆ’ ಎಂಬ ತಂತ್ರಾಂಶವನ್ನು ಜಾರಿಗೆ ತಂದ ದಿನದಿಂದ, ಯಾರಿಗೂ ವಹಿಸದೆ ಬಿದ್ದಿರುವ ಕೆಲಸಕ್ಕೆ ಮಾತ್ರ ಬಾಕಿ ಎನ್ನಲಾಗುತ್ತದೆ. ಒಬ್ಬರಿಗೆ ವಹಿಸಿದರೆ ಅದು ಬಾಕಿಯಲ್ಲ. ಅವರು ಅದನ್ನು ಇನ್ನೊಬ್ಬರಿಗೆ ಮರುವಹಿಸಿದರೆ ಪ್ರಗತಿ. ಇನ್ನೊಬ್ಬರು ಅದನ್ನು ಮತ್ತೆ ಮೊದಲಿನವರಿಗೇ ಕಳಿಸಿದರೆ ಗಣನೀಯ ಪ್ರಗತಿ.

ಈ ಪ್ರಗತಿಯ ರೂವಾರಿ ಸಹಾಯಕ ನಿರ್ದೇಶಕರಾದ ಶ್ರೀ ವಿಜಯ್ ಕುಮಾರ್ ಅವರು. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಅವರ ಮೇಜಿನ ಮೇಲೆ ಒಂದು ಕಾಗದ ಒಂದು ರಾತ್ರಿ ತಂಗಿದ್ದಿಲ್ಲ. ಬಂದದ್ದು ಬಂದ ಹಾಗೆಯೇ ಮುಂದಕ್ಕೆ ಹೋಗುತ್ತಿತ್ತು. ಅದು ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಪ್ರಥಮ ದರ್ಜೆ ಸಹಾಯಕಿ ಧನಲಕ್ಷ್ಮಿಯವರ ಮೇಜಿನ ಮೇಲೆ. ಅವರು ಟಿ. ದಾಸರಹಳ್ಳಿಯಿಂದ ದಿನವೂ ಎರಡು ಬಸ್ಸು ಹತ್ತಿಳಿದು ಬರುವವರು. ಸುತ್ತೋಲೆ ಬಂದರೆ ಕೆಳಗಿನ ಚಿಕ್ಕ ಅಕ್ಷರಗಳನ್ನೂ ಓದುವವರು. ಅಂಥವರು ಇಡೀ ಮಂಡಳಿಯಲ್ಲಿ ಅವರೊಬ್ಬರೇ. ಅಧೀಕ್ಷಕಿಯಾಗಿ ಬಡ್ತಿ ಸಿಗಲೆಂದು ಅವರು ಒಂಬತ್ತು ವರ್ಷಗಳಿಂದ ಕಾಯುತ್ತಿದ್ದರು. ಈ ಜೂನ್ ತಿಂಗಳ ಪಟ್ಟಿಯಲ್ಲಿ ಅವರ ಹೆಸರು ಬರುವುದು ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು.

ಏಪ್ರಿಲ್ ತಿಂಗಳಲ್ಲಿ ವಿಜಯ್ ಕುಮಾರ್ ಅವರನ್ನು ಮಂಡಳಿಯು ಮೂರು ತಿಂಗಳ ಫಲಕ ತರಬೇತಿಗಾಗಿ ಸಿಂಗಪುರಕ್ಕೆ ಕಳಿಸಿತು. ಅಧಿಕಾರಿಗಳು ಊರು ಬಿಡುವಾಗ ತಮ್ಮ ಇಮೇಲ್, ದಿನಚರಿ ಮತ್ತು ಕೆಲಸಗಳನ್ನು ಪ್ರತಿನಿಧಿಯೊಬ್ಬರಿಗೆ ವಹಿಸಿ ಹೋಗತಕ್ಕದ್ದು ಎಂಬುದು ಕಾರ್ಯಧಾರೆಯ ಹದಿನಾಲ್ಕನೆಯ ನಿಯಮ. ಪ್ರತಿನಿಧಿಯಾದವರು ಮೂಲ ಅಧಿಕಾರಿಯ ಮನೋಧರ್ಮಕ್ಕೆ ಅನುಗುಣವಾಗಿ ನಡೆದುಕೊಳ್ಳತಕ್ಕದ್ದು ಎಂಬುದು ಹದಿನೈದನೆಯದು. ವಿಜಯ್ ಕುಮಾರ್ ಅವರು ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತು ಮೊಬೈಲ್ ತೆರೆದರು. ಯಾವ ಯಾವ ಕೆಲಸ ವಹಿಸುತ್ತೀರಿ ಎಂದು ಅದು ಒಂದೊಂದಾಗಿ ಕೇಳತೊಡಗಿತು. ಬೇಸರ ಬಂದು ‘ಎಲ್ಲವೂ’ ಎಂಬುದನ್ನು ಒತ್ತಿ, ಧನಲಕ್ಷ್ಮಿ ಎಂದು ಬರೆದು, ವಿಮಾನ ಹತ್ತಿದರು.

ಮರುದಿನ ಬೆಳಿಗ್ಗೆ ಧನಲಕ್ಷ್ಮಿಯವರ ಕಂಪ್ಯೂಟರಿಗೆ ಮುನ್ನೂರ ಹನ್ನೆರಡು ಕೆಲಸಗಳು ಬಂದಿದ್ದವು. ಬಹುತೇಕ ಎಲ್ಲವೂ ಅವರೇ ಹಿಂದೆ ಮೇಲಕ್ಕೆ ಕಳಿಸಿದವು, ಹಾಗಾಗಿ ಗುರುತು ಹತ್ತಿದವು. ನಲವತ್ತೊಂದನೆಯದು ಮಾತ್ರ ಹೊಸದಾಗಿತ್ತು. ಅದು ಹೀಗಿತ್ತು: “ಆರ್.ಟಿ. ನಗರದ ಫಲಕ ದೋಷಕ್ಕೆ ಕಾರಣರಾದ ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಧನಲಕ್ಷ್ಮಿ ಅವರ ವಿಚಾರಣೆ ನಡೆಸಿ, ತಕ್ಕ ಶಿಕ್ಷೆ ವಿಧಿಸುವುದು. ವಿಚಾರಣಾಧಿಕಾರಿ: ಶ್ರೀ ವಿಜಯ್ ಕುಮಾರ್. ಪ್ರತಿನಿಧಿ: ಶ್ರೀಮತಿ ಧನಲಕ್ಷ್ಮಿ.”

ಫಲಕದ ಸಂಗತಿ ಏನೆಂದರೆ, ಆರ್.ಟಿ. ನಗರದ ಒಂದು ಇಕ್ಕಟ್ಟು ರಸ್ತೆಯಲ್ಲಿ ‘ಮುಂದೆ ತಿರುವು ಇದೆ’ ಎಂದು ಹಾಕಬೇಕಾದ ಬೋರ್ಡು ‘ಮುಂದೆ ತಿರುಪೆ ಇದೆ’ ಎಂದು ಬಂದಿತ್ತು. ಸರ್ಕಾರಿ ಬೋರ್ಡನ್ನು ನಂಬಿ ಎರಡನೆಯ ದಿನಕ್ಕೇ ಇಬ್ಬರು ಮುದುಕರು ಬಂದು ಅಲ್ಲಿ ಬಟ್ಟೆ ಹಾಸಿ ಕುಳಿತರು. ಸ್ಕೂಟರಿನವರು ವೇಗ ತಗ್ಗಿಸಿ ಜೇಬು ತಡಕಿಕೊಳ್ಳತೊಡಗಿದ್ದರಿಂದ ಆ ತಿರುವಿನಲ್ಲಿ ಅಪಘಾತಗಳೇ ನಿಂತುಹೋದವು. ಆದರೆ ಯಾರೋ ಫೋಟೋ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟರು. ಕೇಂದ್ರ ಕಚೇರಿಯಿಂದ ‘ಹೊಣೆ ಯಾರದು’ ಎಂಬ ಪ್ರಶ್ನೆ ಬಂತು. ವಿಜಯ್ ಕುಮಾರ್ ಅವರು ಹೊರಡುವ ಮುನ್ನ ಆ ಹೊಣೆಯನ್ನೂ ವಹಿಸಿಬಿಟ್ಟಿದ್ದರು.

ಧನಲಕ್ಷ್ಮಿಯವರು ಸಿಂಗಪುರಕ್ಕೆ ಫೋನು ಮಾಡಿದರು.

“ಸಾರ್, ಆ ವಿಚಾರಣೆ ನನ್ಗೇ ಬಂದಿದೆ.”

“ಯಾವ ವಿಚಾರಣೆ?”

“ನನ್ ಮೇಲಿರೋದು ಸಾರ್.”

“ಒಳ್ಳೇದೇ ಆಯ್ತಲ್ಲ ಕಣ್ರೀ. ಕೇಸ್ ಗೊತ್ತಿರೋರೇ ಮಾಡಿದ್ರೆ ಬೇಗ ಮುಗಿಯತ್ತೆ.”

“ಬೇರೆ ಯಾರ್ಗಾದ್ರೂ ಮರುವಹಿಸ್ಲಾ ಸಾರ್?”

“ಮಾಡಿ, ಮಾಡಿ. ಅದನ್ನೆಲ್ಲಾ ನನ್ನ ಕೇಳ್ಬೇಡಿ. ಈಗ ನಾನು ನೀವೇ ಅಲ್ವಾ?” ಎಂದು ಅವರು ಫೋನಿಟ್ಟರು.

ಧನಲಕ್ಷ್ಮಿಯವರು ‘ಮರುವಹಿಸು’ ಒತ್ತಿದರು. ವಿಚಾರಣೆಯನ್ನು ಆರೋಪಿಗೆ ಸಮಾನ ಅಥವಾ ಮೇಲಿನ ದರ್ಜೆಯವರಿಗೆ, ಅದೂ ಅದೇ ಕಚೇರಿಯವರಿಗೆ ಮಾತ್ರ ವಹಿಸಬಹುದು ಎಂದು ಕಾರ್ಯಧಾರೆ ತಿಳಿಸಿತು. ಅರ್ಹರ ಪಟ್ಟಿಯನ್ನೂ ತೋರಿಸಿತು. ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಅವರದೇ. ಅವರು ತಮಗೇ ಮರುವಹಿಸಿಕೊಂಡರು. ಪರದೆಯ ಮೂಲೆಯಲ್ಲಿ ‘ಗಣನೀಯ ಪ್ರಗತಿ’ ಎಂದು ಹಸಿರು ದೀಪ ಹತ್ತಿತು.

ಮೊದಲನೆಯ ವಿಚಾರಣೆ ಸೋಮವಾರ ಹನ್ನೊಂದೂವರೆಗೆ ನಿಗದಿಯಾಯಿತು. ದಿನಚರಿಯಲ್ಲಿ ಒಬ್ಬರು ಒಂದು ಹೊತ್ತಿಗೆ ಒಂದೇ ಸಭೆಗೆ ಒಪ್ಪಿಗೆ ಕೊಡಲು ಸಾಧ್ಯ. ಧನಲಕ್ಷ್ಮಿಯವರು ವಿಚಾರಣಾಧಿಕಾರಿಯ ಪರವಾಗಿ ಒಪ್ಪಿಗೆ ಕೊಟ್ಟರು. ಹಾಗಾಗಿ ಆರೋಪಿಯ ಹೆಸರಿನ ಮುಂದೆ ‘ಗೈರು’ ಎಂದು ದಾಖಲಾಯಿತು. ಅರ್ಧ ಗಂಟೆ ಕಾದು, ಆರೋಪಿ ಬಾರದ್ದರಿಂದ ವಿಚಾರಣೆ ಮುಂದೂಡಿ, ಗೈರುಹಾಜರಿಗೆ ಕಾರಣ ಕೇಳುವ ನೋಟಿಸಿಗೆ ಸಹಿ ಹಾಕಿದರು. ಆಮೇಲೆ ತಮ್ಮ ಮೇಜಿಗೆ ಹೋಗಿ ನೋಟಿಸು ತೆಗೆದುಕೊಂಡು, ಅದೇ ಹೊತ್ತಿಗೆ ಕಚೇರಿಯ ಬೇರೊಂದು ಮುಖ್ಯ ಕೆಲಸದಲ್ಲಿದ್ದೆ ಎಂದು ಉತ್ತರ ಬರೆದರು. ಅದು ಸುಳ್ಳಾಗಿರಲಿಲ್ಲ.

ಎರಡನೆಯ ಸಲಕ್ಕೆ ಹೊತ್ತನ್ನು ಹಂಚಿಕೊಂಡರು. ಪ್ರಶ್ನೆಗೆ ಐದು ನಿಮಿಷ, ಉತ್ತರಕ್ಕೆ ಐದು ನಿಮಿಷ. ಸಾಕ್ಷಿಯಾಗಿ ಅಟೆಂಡರ್ ಫಕೀರಪ್ಪ ಬಾಗಿಲ ಬಳಿ ನಿಂತ. ಅವನು ಗದಗದ ಕಡೆಯವನು. ಹದಿನೆಂಟು ವರ್ಷ ಬೆಂಗಳೂರಿನಲ್ಲಿದ್ದರೂ ಮಾತು ಬಿಟ್ಟುಕೊಟ್ಟವನಲ್ಲ.

“ಮೇಡಮ್ಮರ, ಚಾ ಒಂದ್ ತರ್ಲ್ಯೋ ಎರಡ್ ತರ್ಲ್ಯೋ?”

“ಸಭೇಲಿ ಎಷ್ಟು ಜನ ಇದಾರೆ ಅಂತ ಬರ್ದಿದೆ?”

“ಇಬ್ರು ಅಂತ ಐತ್ರಿ.”

“ಹಾಗಾದ್ರೆ ಎರಡು.”

ಫಕೀರಪ್ಪ ಎರಡು ಲೋಟ ತಂದಿಟ್ಟ. ವಿಜಯ್ ಕುಮಾರ್ ಅವರಿಗೆ ಸಕ್ಕರೆ ಕಾಯಿಲೆ. ಅವರ ಕುರ್ಚಿಯ ಮುಂದಿನ ಲೋಟವನ್ನು ತೋರಿಸಿ, “ಇದಕ್ಕ ಸಕ್ಕರಿ ಹಾಕಿಲ್ರಿ, ಸಾಹೇಬ್ರಿಗೆ ಆಗಿಬರಂಗಿಲ್ಲ” ಎಂದ. ಧನಲಕ್ಷ್ಮಿಯವರು ತಿರುಗುವ ಕುರ್ಚಿಯಲ್ಲಿ ಕುಳಿತು ಸಪ್ಪೆ ಚಹಾ ಗುಟುಕರಿಸಿ, ಎದುರಿನ ಮರದ ಕುರ್ಚಿಯತ್ತ ನೋಡಿ ಕೇಳಿದರು.

“ಏನ್ರೀ, ತಪ್ಪು ಒಪ್ಕೊಳ್ತೀರಾ?”

ಎದ್ದರು. ಮೇಜು ಸುತ್ತಿ ಬಂದು ಮರದ ಕುರ್ಚಿಯಲ್ಲಿ ಕುಳಿತರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಆ ಕೋಣೆಯಲ್ಲಿ ಅವರು ದನಿಯೆತ್ತಿ ಮಾತಾಡಿದ್ದಿಲ್ಲ.

“ಇಲ್ಲ ಸಾರ್. ನಾನು ತಿರುವು ಅಂತ್ಲೇ ಟೈಪ್ ಮಾಡಿದ್ದೆ. ನೀವು ಹೆಬ್ಬಾಳದ ಮೇಲ್ಸೇತುವೆ ಟ್ರಾಫಿಕ್ಕಲ್ಲಿ ಕೂತ್ಕೊಂಡು ಮೊಬೈಲಿಗೆ ಬಾಯಲ್ಲಿ ಹೇಳಿ ತಿದ್ದಿದ್ರಿ. ಅದಕ್ಕೆ ತಿರುಪೆ ಅಂತ ಕೇಳಿಸ್ತು. ದಾಖಲೆಲಿ ಹೊತ್ತು ಸಮೇತ ಇದೆ ಸಾರ್, ಒಂಬತ್ತು ನಲವತ್ತೇಳು.”

ಸಕ್ಕರೆ ಹಾಕಿದ ಚಹಾ ಒಂದು ಗುಟುಕು ಕುಡಿದು, ಎದ್ದು ಮತ್ತೆ ಆ ಕಡೆ ಹೋಗಿ ಕುಳಿತರು. ಅಲ್ಲಿ ಕುಳಿತ ಮೇಲೆ, ಆರೋಪಿ ಈಗಷ್ಟೇ ಆಡಿದ ಮಾತು ಸ್ವಲ್ಪ ಅಧಿಕಪ್ರಸಂಗದ್ದು ಅನ್ನಿಸಿತು. ಕುರ್ಚಿ ತಾನಾಗಿಯೇ ಕಿಟಕಿಯ ಕಡೆ ತಿರುಗಿತು.

“ಫಕೀರಪ್ಪ, ಇವ್ರು ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತ್ರಿ. ಖರೇನ ಹೇಳ್ಯಾರ.” ಆಮೇಲೆ ಅವನೇ, “ಈಗ ನೀವು ಯಾರ್ ಅದೀರಿ ಮೇಡಮ್ಮರ?” ಎಂದು ಕೇಳಿದ.

“ಸಾಹೇಬ್ರು.”

“ಹಂಗಾರ ನಂಗೇನೂ ಕೇಳಿಸಿಲ್ರಿ.”

ಧನಲಕ್ಷ್ಮಿಯವರು ದಾಖಲೆಯನ್ನು ಸಾಕ್ಷ್ಯವಾಗಿ ಸೇರಿಸಲು ಹೋದರು. ಮೂಲ ಅಧಿಕಾರಿಯ ವಿರುದ್ಧದ ಸಾಕ್ಷ್ಯಕ್ಕೆ ಮೂಲ ಅಧಿಕಾರಿಯದೇ ಒಪ್ಪಿಗೆ ಬೇಕೆಂದು ಕಾರ್ಯಧಾರೆ ಹೇಳಿತು. ಒಪ್ಪಿಗೆಯ ಕೋರಿಕೆ ವಿಜಯ್ ಕುಮಾರ್ ಅವರ ಹೆಸರಿಗೆ ಹೋಯಿತು, ಅಂದರೆ ಧನಲಕ್ಷ್ಮಿಯವರ ಮುಂದೆಯೇ ತೆರೆದುಕೊಂಡಿತು. ‘ಹೌದು’ ಒತ್ತಿದರೆ ಆ ಕ್ಷಣಕ್ಕೇ ಎಲ್ಲ ಮುಗಿಯುತ್ತಿತ್ತು. ಒತ್ತಲೆಂದು ಬೆರಳನ್ನೂ ಇಟ್ಟರು. ಆದರೆ ಹದಿನೈದನೆಯ ನಿಯಮ ನೆನಪಾಯಿತು. ವಿಜಯ್ ಕುಮಾರ್ ಸಾಹೇಬರ ಮನೋಧರ್ಮವನ್ನು ತಮಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದರು? ಸಾಹೇಬರು ಇದಕ್ಕೆ ಒಪ್ಪುವವರೇ ಅಲ್ಲ. ಬೆರಳು ತೆಗೆದು ‘ಇಲ್ಲ’ ಒತ್ತಿದರು.

ಇನ್ನು ತೀರ್ಪು ಉಳಿಯಿತು. ದೋಷಮುಕ್ತಗೊಳಿಸಲು ಹದಿನಾಲ್ಕು ಅಡಕಗಳು, ಮೂರು ಹಂತದ ಅನುಮೋದನೆ ಮತ್ತು ತೊಂಬತ್ತು ದಿನಗಳು ಬೇಕಿದ್ದವು. ಆರೋಪ ಸಾಬೀತಾಗಿದೆ ಎನ್ನಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಜೂನ್ ಪಟ್ಟಿಗೆ ಉಳಿದಿದ್ದುದು ಮೂರೇ ವಾರ. ಬಡ್ತಿಯ ನಿಯಮ ಸ್ಪಷ್ಟವಾಗಿತ್ತು: ವಿಚಾರಣೆ ನಡೆಯುತ್ತಿರುವವರು ಅರ್ಹರಲ್ಲ, ವಿಚಾರಣೆ ಮುಗಿದು ಶಿಕ್ಷೆ ಅನುಭವಿಸಿದವರು ಅರ್ಹರು.

“ನಿರಪರಾಧಿ ಆದ್ರೆ ಬಡ್ತಿ ತಪ್ಪೋಗತ್ತೆ ಫಕೀರಪ್ಪ. ಅಪರಾಧಿ ಆದ್ರೆ ಸಿಗತ್ತೆ.”

“ಮತ್ತ್ಯಾಕ್ ತಡಾ ಮಾಡ್ತೀರಿ? ಆಗಿಬಿಡ್ರಿ.”

ಧನಲಕ್ಷ್ಮಿಯವರು ಅಪರಾಧಿಯಾದರು. ಶಿಕ್ಷೆಗಳ ಪಟ್ಟಿಯಲ್ಲಿ ತೀರಾ ಹಗುರವಾದದ್ದನ್ನು ಆರಿಸಿದರೆ ಸ್ವಜನಪಕ್ಷಪಾತ ಎನಿಸೀತು ಎಂದು, ನಡುವಿನದನ್ನು ಆರಿಸಿದರು. ಅದರಂತೆ ಅವರನ್ನು ರಾಜಾನುಕುಂಟೆಯ ಹಳೆಯ ಬೋರ್ಡುಗಳ ಗೋದಾಮಿಗೆ ವರ್ಗ ಮಾಡಲಾಯಿತು. ಆರ್.ಟಿ. ನಗರದ ಬೋರ್ಡನ್ನು ಸರಿಪಡಿಸಲು ಅದೇ ದಿನ ಆದೇಶವೂ ಹೊರಟಿತು. ಆದರೆ ಅಪಘಾತ ತಡೆಗಟ್ಟಿದ ಫಲಕವೆಂದು ಕೇಂದ್ರ ಕಚೇರಿ ಅಷ್ಟರೊಳಗೆ ಅದಕ್ಕೆ ಪ್ರಶಸ್ತಿ ಕೊಟ್ಟಿದ್ದರಿಂದ, ಅದನ್ನು ಮುಟ್ಟಬಾರದೆಂಬ ಆದೇಶ ಬಂತು.

“ನೀನೇ ನಿನ್ನ ವರ್ಗ ಮಾಡ್ಕೊಂಡ್ಯಾ?” ಎಂದು ಮಗಳು ಮಧುಶ್ರೀ ಮನೆಯಲ್ಲಿ ಕೇಳಿದಳು.

“ನಾನಲ್ಲ, ಸಾಹೇಬ್ರು” ಎಂದು ಧನಲಕ್ಷ್ಮಿಯವರು ತರಕಾರಿ ಹೆಚ್ಚುತ್ತ ಕುಳಿತರು. ಮೂರನೆಯ ಬಸ್ಸು ಯಾವುದು ಹಿಡಿಯಬೇಕೆಂದು ಯೋಚಿಸುತ್ತಿದ್ದರು.

ರಾಜಾನುಕುಂಟೆಗೆ ಹೋದದ್ದು ಅವರೊಬ್ಬರೇ ಅಲ್ಲ. ಪ್ರತಿನಿಧಿತ್ವ ವ್ಯಕ್ತಿಗೆ ಅಂಟಿದ್ದು, ಕೋಣೆಗಲ್ಲ. ಆದ್ದರಿಂದ ವಿಜಯ್ ಕುಮಾರ್ ಅವರ ಇಮೇಲ್, ದಿನಚರಿ, ಮುನ್ನೂರ ಹನ್ನೊಂದು ಕೆಲಸಗಳು, ಎಲ್ಲವೂ ಗೋದಾಮಿಗೆ ಬಂದವು. ಸಾಹೇಬರು ಎಲ್ಲಿರುತ್ತಾರೋ ಅಲ್ಲಿ ಅಟೆಂಡರ್ ಇರಬೇಕೆಂದು ಫಕೀರಪ್ಪ ಬಂದ. ಬೆನ್ನಿಗೆ ಹೊದಿಸಿದ ಟವೆಲ್ ಸಮೇತ ತಿರುಗುವ ಕುರ್ಚಿಯೂ ಒಂದು ಸರಕು ಆಟೋದಲ್ಲಿ ಬಂತು. ವಲಯದ ಸಭೆಗಳು ತುಕ್ಕು ಹಿಡಿದ ಬೋರ್ಡುಗಳ ನಡುವೆ ನಡೆಯತೊಡಗಿದವು. ಸಭೆಗೆ ಬಂದವರು ‘ಸುರಂಗ’, ‘ಶಾಲಾ ವಲಯ’, ‘ನಿಷೇಧ’ ಎಂದು ಬರೆದ ತಗಡುಗಳ ಮೇಲೆ ಕುಳಿತು ಟಿಪ್ಪಣಿ ಬರೆದುಕೊಂಡರು. ಯಾರೂ ಏನೂ ಕೇಳಲಿಲ್ಲ. ಪ್ರತಿಯೊಂದು ಆದೇಶದ ಕೆಳಗೆ ‘ವಿಜಯ್ ಕುಮಾರ್ ಪರವಾಗಿ’ ಎಂದು ಇರುತ್ತಿತ್ತು. ಕೆಲವು ದಿನಗಳಾದ ಮೇಲೆ ಜಾಗ ಸಾಲದೆ ‘ಪರವಾಗಿ’ ಎಂಬುದು ಬಿಟ್ಟುಹೋಯಿತು.

ಜೂನ್ ಹತ್ತರಂದು ಬಡ್ತಿ ಪಟ್ಟಿ ಬಂತು. ಅದರಲ್ಲಿ ಧನಲಕ್ಷ್ಮಿಯವರ ಹೆಸರಿನ ಮುಂದೆ ಹೀಗೆ ಬರೆದಿತ್ತು: “ಸದರಿಯವರು ಈಗಾಗಲೇ ಸಹಾಯಕ ನಿರ್ದೇಶಕರ ಕರ್ತವ್ಯಗಳನ್ನು ನಿರ್ವಹಿಸುತ್ತಿದ್ದು, ಅವರನ್ನು ಅಧೀಕ್ಷಕರ ಹುದ್ದೆಗೆ ತಂದರೆ ಹಿಂಬಡ್ತಿ ನೀಡಿದಂತಾಗುವುದರಿಂದ, ಅವರ ಗೌರವದ ದೃಷ್ಟಿಯಿಂದ ಹೆಸರನ್ನು ಕೈಬಿಡಲಾಗಿದೆ.”

ಅವರು ಅದನ್ನು ಎರಡು ಸಲ ಓದಿದರು. ಕೆಳಗಿನ ಚಿಕ್ಕ ಅಕ್ಷರಗಳನ್ನೂ ಓದಿದರು. ಆಮೇಲೆ ಗೋದಾಮಿನ ಹಿಂದೆ ಹೋಗಿ, ಹುಣಸೆ ಮರದ ಕೆಳಗೆ ಹತ್ತು ನಿಮಿಷ ನಿಂತಿದ್ದು ಬಂದರು. ಫಕೀರಪ್ಪ ಚಹಾ ಇಟ್ಟ. ಅಂದಿನ ಲೋಟಕ್ಕೆ ಅವನು ಸಕ್ಕರೆ ಹಾಕಿದ್ದ.

ಜುಲೈನಲ್ಲಿ ವಿಜಯ್ ಕುಮಾರ್ ಅವರು ಸಿಂಗಪುರದಿಂದ ಹಿಂತಿರುಗಿದರು. ಯಲಹಂಕದ ಕೋಣೆ ಖಾಲಿ ಇದ್ದದ್ದು ನೋಡಿ, ವಿಚಾರಿಸಿಕೊಂಡು ರಾಜಾನುಕುಂಟೆಗೆ ಬಂದರು.

“ಏನ್ರೀ ಧನಲಕ್ಷ್ಮಿ ಇದು? ನನ್ನ ಕುರ್ಚಿ ಇಲ್ಲಿದೆ!”

“ಬನ್ನಿ ಸಾರ್, ಕೂತ್ಕೊಳಿ” ಎಂದು ಅವರು ಎದ್ದು ನಿಂತರು. “ಪ್ರತಿನಿಧಿತ್ವ ವಾಪಸ್ ತಗೊಳಕ್ಕೆ ನೀವು ಕೋರಿಕೆ ಹಾಕ್ಬೇಕು.”

ವಿಜಯ್ ಕುಮಾರ್ ಅವರು ಅಲ್ಲೇ ಮೊಬೈಲಿನಲ್ಲಿ ಕೋರಿಕೆ ಹಾಕಿದರು. ಕಾರ್ಯಧಾರೆ ಅದನ್ನು ನಿಯಮದಂತೆ ಸಹಾಯಕ ನಿರ್ದೇಶಕರ ಅನುಮೋದನೆಗೆ ಕಳಿಸಿತು. ಧನಲಕ್ಷ್ಮಿಯವರ ಕಂಪ್ಯೂಟರು ಟಿಣ್ ಎಂದಿತು.

“ಬಂತು ಸಾರ್.”

“ಹಾಗಾದ್ರೆ ಒತ್ರೀ.”

ಧನಲಕ್ಷ್ಮಿಯವರು ಕೋರಿಕೆಯನ್ನು ಕೆಳಗಿನ ಚಿಕ್ಕ ಅಕ್ಷರಗಳ ಸಮೇತ ಓದಿದರು. “ಸಾರ್, ಹದಿನೈದನೇ ನಿಯಮದ ಪ್ರಕಾರ ಇದನ್ನ ನಿಮ್ಮ ಮನೋಧರ್ಮದ ಹಾಗೇ ತೀರ್ಮಾನ ಮಾಡ್ಬೇಕು. ನಿಮ್ಮ ಹತ್ರ ಮುನ್ನೂರ ಹನ್ನೊಂದು ಕೆಲಸ ವಾಪಸ್ ಬರತ್ತೆ ಅಂದ್ರೆ ನೀವು ಒಪ್ಕೊಳ್ತಿದ್ರಾ?”

ವಿಜಯ್ ಕುಮಾರ್ ಅವರು ಇಪ್ಪತ್ತಾರು ವರ್ಷಗಳನ್ನು ಒಮ್ಮೆ ಹಿಂತಿರುಗಿ ನೋಡಿಕೊಂಡರು. ಪ್ರಾಮಾಣಿಕವಾದ ಉತ್ತರ ಒಂದೇ ಇತ್ತು.

“ಇಲ್ಲ ಕಣ್ರೀ” ಎಂದರು.

“ತಿರಸ್ಕರಿಸ್ಲಾ?”

“ತಿರಸ್ಕರಿಸಿ. ಸಂಬಳ?”

“ಅದು ನಿಮ್ಮ ಹೆಸರಿಗೇ ಬರತ್ತೆ ಸಾರ್. ಅದನ್ನ ವಹಿಸಕ್ಕೆ ಬರಲ್ಲ.”

ಅವರ ಮುಖದ ಗಂಟು ಸಡಿಲವಾಯಿತು. ಅಂದಿನಿಂದ ಅವರು ದಿನವೂ ಹತ್ತೂವರೆಗೆ ಬಂದು, ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡಿ, ಮರದ ಕುರ್ಚಿಯಲ್ಲಿ ಕುಳಿತು ಪೇಪರ್ ಓದತೊಡಗಿದರು.

ಇಂಥ ಒಂದು ಬೆಳಿಗ್ಗೆ ಮುನಿಕೆಂಪಮ್ಮ ಎಂಬ ಹೆಂಗಸು ಗೋದಾಮಿನ ಬಾಗಿಲಿಗೆ ಬಂದಳು. ಅಲ್ಲೇ ಪಕ್ಕದ ಹಳ್ಳಿಯವಳು, ಅರವತ್ತು ದಾಟಿದವಳು.

“ಇಜಯ್ ಕುಮಾರ್ ಸಾಯೇಬ್ರು ಅವ್ರಾ?”

ಪೇಪರ್ ಓದುತ್ತಿದ್ದ ವಿಜಯ್ ಕುಮಾರ್ ಅವರು ಧನಲಕ್ಷ್ಮಿಯವರ ಕಡೆ ಬೆರಳು ತೋರಿಸಿದರು. ಮುನಿಕೆಂಪಮ್ಮ ಸೀರೆ, ಬಳೆ, ಟವೆಲ್ಲಿನ ಕುರ್ಚಿಯನ್ನೊಮ್ಮೆ ನೋಡಿ, ಕುರ್ಚಿಗೆ ಕೈಮುಗಿದಳು.

“ಸಾಮಿ, ಆ ಲೇಔಟಿಗೆ ದಾರಿ ತೋರ್ಸೋ ಬೋರ್ಡೈತಲ್ಲ, ಟಿಪ್ಪರ್ ಗುದ್ದಿ ಅದರ ಬಾಣ ನಮ್ ಕೊಟ್ಗೆ ಕಡೀಕೆ ತಿರುಗ್ಬುಟ್ಟೈತೆ. ಸೈಟು ನೋಡಕ್ ಬರೋರೆಲ್ಲಾ ಕಾರು ತಂದು ಕೊಟ್ಗೇಗೆ ನುಗ್ಗುಸ್ತಾರೆ. ಮೊನ್ನೆ ನಮ್ ಅಸು ಒಬ್ರ ಕಾರಿಗೆ ಒದ್ದು ಅದರ ಕಾಲೇ ಊದ್ಕಂಡೈತೆ. ಒಂದೂವರೆ ವರ್ಸದಿಂದ ಅರ್ಜಿ ಕೊಡ್ತಾವ್ನಿ ಸಾಮಿ.”

ಧನಲಕ್ಷ್ಮಿಯವರು ಹುಡುಕಿದರು. ಅರ್ಜಿ ಇತ್ತು. ಅರವತ್ತೆಂಟು ಸಲ ಮರುವಹಿಸಲ್ಪಟ್ಟು ಮಾದರಿ ಪ್ರಗತಿ ಎಂದು ಗುರುತಾಗಿತ್ತು.

“ಬೋರ್ಡು ಎಲ್ಲಿದೆ ಅಮ್ಮ?”

“ಅಗೋ, ಇಲ್ಲಿಂದ್ಲೇ ಕಾಣ್ತದೆ.”

ನಿಜವಾಗಿಯೂ ಕಾಣುತ್ತಿತ್ತು. ಧನಲಕ್ಷ್ಮಿಯವರು ಚಪ್ಪಲಿ ಮೆಟ್ಟಿ ಹೊರಟರು. ಫಕೀರಪ್ಪ ಒಂದು ಸ್ಪ್ಯಾನರ್ ಹಿಡಿದು ಹಿಂದೆ ಹೋದ. ನಟ್ಟು ಸಡಿಲಿಸಿ, ಇಬ್ಬರೂ ಸೇರಿ ಬಾಣವನ್ನು ಲೇಔಟಿನ ಕಡೆಗೆ ತಿರುಗಿಸಿ, ಬಿಗಿದು, ಹನ್ನೊಂದು ನಿಮಿಷಕ್ಕೆ ವಾಪಸಾದರು. ಬಂದು ‘ಮುಗಿದಿದೆ’ ಎಂಬ ಗುಂಡಿಗಾಗಿ ಹುಡುಕಾಡಿದರು. ಅದನ್ನು ಯಾರೂ ಒತ್ತಿದ್ದಿಲ್ಲವಾದ್ದರಿಂದ ಎಲ್ಲಿದೆಯೆಂದು ತಿಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಧನಲಕ್ಷ್ಮಿಯವರೇ ಒತ್ತಿದರು. ಆ ಖುಷಿ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲ.

ಮೂರನೆಯ ದಿನ ಕೇಂದ್ರ ಕಚೇರಿಯಿಂದ ಆದೇಶ ಬಂತು: “ರಾಜಾನುಕುಂಟೆಯ ಬಾಣವನ್ನು ಅರವತ್ತೊಂಬತ್ತನೆಯ ಮರುವಹಿಸುವಿಕೆಗೆ ಒಳಪಡಿಸದೆ ನೇರವಾಗಿ ತಿರುಗಿಸಿರುವುದು ಕಂಡುಬಂದಿದೆ. ಇಂಥ ಘಟನೆ ಮಂಡಳಿಯ ಇತಿಹಾಸದಲ್ಲಿ ಮೊದಲನೆಯದು. ಸದರಿ ಬಾಣವನ್ನು ಮೊದಲಿನ ಸ್ಥಿತಿಗೆ ತರತಕ್ಕದ್ದು. ಈ ಕೆಲಸವನ್ನು ಶ್ರೀ ವಿಜಯ್ ಕುಮಾರ್ ಅವರು ಖುದ್ದಾಗಿ, ಸ್ವಹಸ್ತದಿಂದ ಮಾಡತಕ್ಕದ್ದು, ಪ್ರತಿನಿಧಿಗೆ ವಹಿಸುವಂತಿಲ್ಲ.”

ಧನಲಕ್ಷ್ಮಿಯವರು ಅದನ್ನು ಗಟ್ಟಿಯಾಗಿ ಓದಿದರು. ಸುದ್ದಿ ಕೇಳಿ ಬಂದ ಮುನಿಕೆಂಪಮ್ಮ ಸೆರಗು ಬಾಯಿಗೊತ್ತಿ ಬಾಗಿಲಲ್ಲೇ ಕುಳಿತಳು. “ಮತ್ತೆ ಕಾರು ಬತ್ತಾವಾ ಸಾಮಿ?” ಎಂದಳು. ಫಕೀರಪ್ಪ ಸ್ಪ್ಯಾನರನ್ನು ಬೋರ್ಡುಗಳ ಹಿಂದೆ ಬಚ್ಚಿಟ್ಟ.

ಪೇಪರ್ ಮಡಿಚಿದ ಸದ್ದಾಯಿತು.

“ಖುದ್ದಾಗಿ ಅಂದ್ರೆ ನಾನೇ ಅಲ್ವಾ?” ಎಂದು ವಿಜಯ್ ಕುಮಾರ್ ಅವರು ಕೈ ಚಾಚಿದರು. “ಕೊಡಿ ಇಲ್ಲಿ.”

“ಸಾರ್, ತಿರುಗಿಸ್ತೀರಾ?”

“ಏನ್ ಮಾತು ಅಂತ ಆಡ್ತೀರ್ರೀ? ಇಪ್ಪತ್ತಾರು ವರ್ಷದ ಸರ್ವೀಸು ನಂದು.” ಅವರು ಕನ್ನಡಕ ಏರಿಸಿ ಆದೇಶವನ್ನು ಎರಡು ಸಲ ಓದಿ, ಪೆನ್ನು ತೆರೆದು ನಿಧಾನವಾಗಿ ಬರೆದರು: “ಆದೇಶವನ್ನು ಗೌರವಪೂರ್ವಕವಾಗಿ ಪಾಲಿಸಲು ಸಿದ್ಧನಿದ್ದೇನೆ. ಮೊದಲಿನ ಸ್ಥಿತಿ ಎಂದರೆ ಟಿಪ್ಪರ್ ಗುದ್ದುವ ಮೊದಲಿನದೋ, ಗುದ್ದಿದ ಮೇಲಿನದೋ? ಬಾಣವನ್ನು ಎಡಕ್ಕೆ ತಿರುಗಿಸಿ ಅಲ್ಲಿಗೆ ತರಬೇಕೋ, ಬಲಕ್ಕೆ ತಿರುಗಿಸಿ ತರಬೇಕೋ? ಸ್ವಹಸ್ತವೆಂದರೆ ಬಲಗೈಯೋ, ಎರಡೂ ಕೈಯೋ? ದಯವಿಟ್ಟು ಸ್ಪಷ್ಟೀಕರಣ ನೀಡುವುದು.”

ಕೇಂದ್ರ ಕಚೇರಿಯು ಪ್ರಶ್ನೆಗಳ ಗಾಂಭೀರ್ಯವನ್ನು ಮೆಚ್ಚಿ, ‘ಮೊದಲು’ ಎಂಬ ಪದದ ಅರ್ಥನಿರ್ಣಯಕ್ಕೆ ಐವರ ಸಮಿತಿ ರಚಿಸಿತು. ಸಮಿತಿಗೆ ಒಂದು ವರ್ಷ ಕಾಲಾವಕಾಶ ಕೊಡಲಾಗಿದ್ದು, ಅದನ್ನು ವಿಸ್ತರಿಸಲು ಅವಕಾಶವಿದೆ. ಬಾಣ ಸದ್ಯಕ್ಕೆ ಲೇಔಟಿನ ಕಡೆಗೇ ಇದೆ. ಹಸುವಿನ ಕಾಲಿನ ಊತ ಇಳಿದಿದೆ. ಮುನಿಕೆಂಪಮ್ಮ ವಾರಕ್ಕೊಮ್ಮೆ ಎರಡು ಚೊಂಬು ಮಜ್ಜಿಗೆ ತರುತ್ತಾಳೆ. ಒಂದನ್ನು ಕುರ್ಚಿಯ ಸಾಹೇಬರಿಗೂ ಇನ್ನೊಂದನ್ನು ಖುದ್ದು ಸಾಹೇಬರಿಗೂ ಕೊಟ್ಟು, ಚೊಂಬು ತೊಳೆದುಕೊಂಡು ಮನೆಗೆ ಹೋಗುತ್ತಾಳೆ.